ಮಹಾಶಯರು ‘ಹೋಗಿಬಾ’ ಅಳಿಸಿದ್ದು

“ಇವತ್ತಿನಿಂದ ಈ ಕಂಪ್ಯೂಟರಿನಲ್ಲಿ ನನ್ನದೇ ರಾಜ್ಯಭಾರ!” ಎಂದು ಮಹಾಶಯರು ಘೋಷಿಸಿದಾಗ ಅದನ್ನು ಕೇಳಿಸಿಕೊಳ್ಳಲು ಮನೆಯಲ್ಲಿದ್ದದ್ದು ಒಲೆಯ ಮೇಲಿನ ಹಾಲು ಮಾತ್ರ. ಅದೂ ಇನ್ನೂ ಕಾದಿರಲಿಲ್ಲವಾದ್ದರಿಂದ ಆ ಕಡೆಯಿಂದ ಉತ್ತರವೇನೂ ಬರಲಿಲ್ಲ.

ಮಹಾಶಯರು ಎಂದರೆ ಯಾರೋ ಭಾರೀ ಆಸಾಮಿ ಎಂದುಕೊಳ್ಳಬೇಡಿ. ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವ ಬಡಪಾಯಿ. ಪರದೆಯ ಮೇಲೆ ಯಾರೋ ಯಾವುದೋ ಭಾಷೆಯಲ್ಲಿ ಗಂಟಲು ಹರಿಯುವಂತೆ ಅತ್ತರೆ, ಆ ಅಳುವನ್ನು ನಮ್ಮ ಭಾಷೆಯ ಎರಡು ಸಾಲಿನೊಳಗೆ ತುರುಕಿ ಕೂರಿಸುವುದು ಇವರ ಹೊಟ್ಟೆಪಾಡು. ‘ಮಹಾಶಯರು’ ಎಂಬ ಬಿರುದನ್ನು ಕೊಟ್ಟವಳು ಹೆಂಡತಿ. ಸಿಟ್ಟು ಬಂದಾಗಲೂ ಅದೇ, ಪ್ರೀತಿ ಉಕ್ಕಿದಾಗಲೂ ಅದೇ. ಪರರ ಪ್ರೇಮ, ವಿರಹ, ಕಣ್ಣೀರನ್ನೆಲ್ಲ ದಿನವಿಡೀ ಬರೆದು ಬಿಸಾಕುವ ಈ ಮನುಷ್ಯನ ಬಾಯಿಂದ ಸ್ವಂತ ಹೆಂಡತಿಯ ಮುಂದೆ ಹೊರಡುತ್ತಿದ್ದದ್ದು ಮಾತ್ರ ಒಂದೇ ಒಂದು ಮಾತು: “ನಿನ್ನಿಷ್ಟ.”

ಅವಳು ಸರ್ವರುಗಳನ್ನು ನೋಡಿಕೊಳ್ಳುವ ಇಂಜಿನಿಯರು. ದೂರದ ಊರಿನಲ್ಲಿ ಕಂಪನಿಯವರು ತೆರೆದ ಹೊಸ ಆಫೀಸನ್ನು ಕಾಲ ಮೇಲೆ ನಿಲ್ಲಿಸಿಕೊಡಲು ಹೋಗಿ ತಿಂಗಳುಗಳೇ ಕಳೆದಿದ್ದವು. ಮುಂದಿನ ವಾರ ಬರುತ್ತೇನೆ ಎಂದಿದ್ದಳು. ಆ ಒಂದು ಮಾತಿಗೆ ಮಹಾಶಯರು, ಹಾಸಿಗೆಯಲ್ಲಿ ಅವಳು ಮಲಗುವ ಬದಿಗೆ ಗುಡ್ಡೆ ಹಾಕಿದ್ದ ಒಗೆದ ಬಟ್ಟೆಗಳನ್ನೆಲ್ಲ ಮಡಚಿ ಬೀರುವಿನಲ್ಲಿಟ್ಟು, ದಿಂಬಿಗೆ ಹೊಸ ಕವರನ್ನೂ ಹಾಕಿದ್ದರು. ಹಾಕಿದ್ದನ್ನು ಅವಳಿಗೆ ಹೇಳಿರಲಿಲ್ಲ ಅಷ್ಟೆ.

ಆ ದಿನ ಬೆಳಗ್ಗೆ ಫೋನು ಬಂತು.

“ರೀ, ಇವರು ಇನ್ನೂ ಮೂರು ತಿಂಗಳು ಇರ್ತೀರಾ ಅಂತ ಕೇಳ್ತಿದ್ದಾರೆ. ಮಧ್ಯಾಹ್ನದೊಳಗೆ ಹೇಳ್ಬೇಕು. ಏನ್ ಹೇಳ್ಲಿ?”

‘ಬೇಡ, ಬಂದ್ಬಿಡು’ ಎಂಬ ಮಾತು ಮಹಾಶಯರ ಗಂಟಲಿನವರೆಗೂ ಬಂತು. ಅಲ್ಲಿ ಅಭಿಮಾನ ಎಂಬುದೊಂದು ಅಡ್ಡ ನಿಂತಿತ್ತು. ಬರುವ ಮನಸ್ಸಿದ್ದವಳು ‘ಏನ್ ಹೇಳ್ಲಿ’ ಅಂತ ಯಾಕೆ ಕೇಳುತ್ತಾಳೆ?

“ನಿನ್ನಿಷ್ಟ,” ಎಂದರು.

“ನಿಮಗೆ ತೊಂದ್ರೆ ಆಗಲ್ವಾ?”

“ನನಗೇನು ತೊಂದ್ರೆ? ರಾಜನ ಹಾಗಿದ್ದೀನಿ.”

“ಸರಿ ಹಾಗಾದ್ರೆ” ಎಂದು ಫೋನಿಟ್ಟಳು.

ಫೋನಿಟ್ಟ ಮೇಲೆ ರಾಜರಿಗೆ ಬಂತು ನೋಡಿ ಸಿಟ್ಟು. ಹೆಂಡತಿ ಕೈಗೆ ಸಿಗುವಷ್ಟು ಹತ್ತಿರದಲ್ಲಿಲ್ಲ. ಕೈಗೆ ಸಿಕ್ಕಿದ್ದು ಅವಳು ಬಿಟ್ಟುಹೋಗಿದ್ದ ಅಡ್ಡಹೆಸರುಗಳು.

ಈ ಅಡ್ಡಹೆಸರಿನ ಸಂಗತಿ ಸ್ವಲ್ಪ ಹೇಳಬೇಕು. ಮಹಾಶಯರ ಕಂಪ್ಯೂಟರಿನಲ್ಲಿ ಒಂದು ಕಪ್ಪು ಕಿಟಕಿ ಇದೆ. ಅದರಲ್ಲಿ ಚಿತ್ರಗಿತ್ರ ಏನೂ ಇಲ್ಲ, ಆಜ್ಞೆಯನ್ನು ಅಕ್ಷರದಲ್ಲೇ ಹೊಡೆಯಬೇಕು. ಆಜ್ಞೆಗಳೋ, ರೈಲಿನಷ್ಟು ಉದ್ದ. ಒಂದು ಚುಕ್ಕಿ ತಪ್ಪಿದರೂ ಹಳಿ ತಪ್ಪಿತು. ಅದಕ್ಕೇ ಹೆಂಡತಿ ಹೊರಡುವ ಮುಂಚೆ ಒಂದೊಂದು ಉದ್ದದ ಆಜ್ಞೆಗೂ ಒಂದೊಂದು ಪುಟ್ಟ ಅಡ್ಡಹೆಸರಿಟ್ಟಿದ್ದಳು. ಕಂಪ್ಯೂಟರಿನವರು ಇದಕ್ಕೆ ‘ಅಲಿಯಾಸ್’ ಎನ್ನುತ್ತಾರೆ. ಪತ್ರಿಕೆಯಲ್ಲಿ ಕಳ್ಳರು ಸಿಕ್ಕಿಬಿದ್ದಾಗ ಹೆಸರಿನ ಪಕ್ಕ ಬರುತ್ತದಲ್ಲ, ಅದೇ ಅಲಿಯಾಸು. ‘ತೋರ್ಸು’ ಎಂದು ಹೊಡೆದರೆ ಸಿನಿಮಾ ತೆರೆದುಕೊಳ್ಳುತ್ತಿತ್ತು. ‘ಕಟ್ಟು’ ಎಂದರೆ ಬರೆದ ಸಾಲುಗಳು ಚಿತ್ರಕ್ಕೆ ಅಂಟಿಕೊಳ್ಳುತ್ತಿದ್ದವು. ಎಲ್ಲ ಮುಗಿದ ಮೇಲೆ ‘ಹೋಗಿಬಾ’ ಎಂದರೆ ಕೊನೆಯ ಪ್ರತಿಯೊಂದನ್ನೇ ಹುಡುಕಿ ನೆಟ್ಟಗೆ ಸ್ಟುಡಿಯೋಗೆ ಕಳಿಸುತ್ತಿತ್ತು.

ಇಷ್ಟೇ ಆಗಿದ್ದರೆ ಜಗಳವೇ ಇರಲಿಲ್ಲ. ಪುಣ್ಯಾತ್ಗಿತ್ತಿ ಒಂದೊಂದಕ್ಕೂ ಒಂದು ಬಾಲಂಗೋಚಿ ಸೇರಿಸಿದ್ದಳು. ‘ತೋರ್ಸು’ ಹೊಡೆದರೆ ಪರದೆಯ ಮೇಲೆ “ಕನ್ನಡಕ ಹುಡುಕ್ಬೇಡಿ, ಹಣೆ ಮೇಲಿದೆ” ಎಂದು ಬರುತ್ತಿತ್ತು. ‘ಕಟ್ಟು’ ಎಂದರೆ “ಇದಕ್ಕೆ ಹೊತ್ತಾಗತ್ತೆ, ಎದ್ದು ನೀರು ಕುಡೀರಿ.” ‘ಹೋಗಿಬಾ’ ಎಂದರೆ “ಹೋಯ್ತು. ಈಗ್ಲಾದ್ರೂ ಒಲೆ ಆರಿಸಿದ್ದೀರಾ ನೋಡಿ.” ದೂರ ಇದ್ದೂ ಬೈಯುವ ವಿದ್ಯೆ! ಮೊದಮೊದಲು ಮಹಾಶಯರಿಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲಾಮೇಲೆ, ಕೆಲಸವಿಲ್ಲದಿದ್ದರೂ ಸುಮ್ಮನೆ ‘ಕಟ್ಟು’ ಹೊಡೆದು, ಬಂದ ಸಾಲು ಓದಿ, ಎದ್ದು ನೀರು ಕುಡಿದು ಬರುವ ಅಭ್ಯಾಸವಾಗಿತ್ತು. ಮನೆಯಲ್ಲಿ ಬೇರೆ ಯಾರೂ ಮಾತಾಡುವವರಿರಲಿಲ್ಲ ನೋಡಿ.

“ಮೂರು ತಿಂಗಳು ಇರ್ತಾಳಂತೆ. ಇರಲಿ. ಇವಳ ಊರುಗೋಲು ಇಲ್ಲದೆ ನನಗೆ ನಡೆಯೋಕೆ ಬರಲ್ವಾ?” ಎಂದು ಮಹಾಶಯರು ಅಂಗಿಯ ತೋಳು ಮಡಚಿದರು. ಹೆಸರಿಡುವುದಕ್ಕೆ ಅಲಿಯಾಸ್ ಆದರೆ, ಕಿತ್ತು ಹಾಕುವುದಕ್ಕೆ ಅನ್‌ಅಲಿಯಾಸ್. ಪಕ್ಕದಲ್ಲೊಂದು ಗೆರೆ ಎಳೆದು ‘ಎ’ ಎಂದು ಹಾಕಿದರೆ ಎಲ್ಲವೂ ಒಟ್ಟಿಗೆ ನಾಮಾವಶೇಷ. ಹೊಡೆದೇಬಿಟ್ಟರು.

ಕಂಪ್ಯೂಟರು ‘ಖಂಡಿತಾನಾ?’ ಎಂದು ಕೂಡ ಕೇಳಲಿಲ್ಲ. ಪರೀಕ್ಷೆಗೆಂದು ‘ಕಟ್ಟು’ ಹೊಡೆದರು. “ಕಟ್ಟು: ಅಂಥ ಆಜ್ಞೆ ಇಲ್ಲ” ಎಂದಿತು. ನೀರು ಕುಡಿಯಿರಿ ಎನ್ನಲಿಲ್ಲ. ಮಹಾಶಯರಿಗೆ ಯಾಕೋ ಗಂಟಲು ಒಣಗಿತು, ಆದರೆ ಹೇಳುವವರಿಲ್ಲದೆ ಏಳಲಿಲ್ಲ.

ಸಾಮ್ರಾಜ್ಯ ಕೆಡವಿದ್ದಾಯಿತು, ಇನ್ನು ಕಟ್ಟಬೇಕು. ಸ್ಟುಡಿಯೋಗೆ ಆ ಹೊತ್ತೇ ಒಂದು ಸಿನಿಮಾ ಕಳಿಸಬೇಕಿತ್ತು. ಹಡಗಿನ ಕಪ್ತಾನನೊಬ್ಬ ಹೆಂಡತಿಯನ್ನು ಬಿಟ್ಟು ಸಮುದ್ರಕ್ಕೆ ಹೋಗುವ ಕಥೆ. ‘ಹೋಗಿಬಾ’ದ ಹಿಂದೆ ಇದ್ದ ಉದ್ದದ ಆಜ್ಞೆ ಏನೆಂದು ಈಗ ನೆನಪಿಸಿಕೊಳ್ಳಬೇಕು. ಮೇಲ್ಮುಖ ಬಾಣದ ಗುಂಡಿ ಒತ್ತಿದರೆ ಹಿಂದೆ ಹೊಡೆದ ಆಜ್ಞೆಗಳೆಲ್ಲ ಬರುತ್ತವಲ್ಲ, ಒತ್ತಿದರು. ಈಗಷ್ಟೇ ಹೊಡೆದದ್ದನ್ನು ದಾಟಿದರೆ ‘ಹೋಗಿಬಾ’ ಎಂದು ಬಂತು. ಇನ್ನೊಮ್ಮೆ ಒತ್ತಿದರು. ‘ಕಟ್ಟು.’ ‘ಕಟ್ಟು.’ ‘ಕಟ್ಟು.’ ‘ಹೋಗಿಬಾ.’ ತಿಂಗಳುಗಟ್ಟಲೆ ಹಿಂದಕ್ಕೆ ಹೋದರೂ ಅಡ್ಡಹೆಸರೇ ವಿನಾ ಅಸಲು ಮಾತು ಒಂದೂ ಇಲ್ಲ.

ಕೊನೆಗೆ ಸ್ಟುಡಿಯೋದ ಎಡಿಟರು ಯಾವಾಗಲೋ ಇಮೇಲಿನಲ್ಲಿ ಕಳಿಸಿದ್ದ ಉದ್ದದ ಸಾಲೊಂದು ಸಿಕ್ಕಿತು. ಅದಕ್ಕೆ ಮಹಾಶಯರು ‘ರವಾನೆ’ ಎಂದು ಗಂಭೀರವಾದ ಹೆಸರಿಟ್ಟರು. ಪ್ರತಿ ಸಲ ಕಡತದ ಹೆಸರು ಬರೆಯುವ ರಗಳೆ ಯಾಕೆಂದು ಆ ಜಾಗದಲ್ಲಿ ಒಂದು ನಕ್ಷತ್ರದ ಗುರುತು ಹಾಕಿದರು. ನಕ್ಷತ್ರ ಹಾಕಿದರೆ ಏನಾಗುತ್ತದೆಂದು ಅವರಿಗೆ ಅರೆಬರೆ ಗೊತ್ತಿತ್ತು. ಪೂರ್ತಿ ಗೊತ್ತಿಲ್ಲದಿದ್ದರೆ ಹಾಕುತ್ತಲೇ ಇರಲಿಲ್ಲ, ಪೂರ್ತಿ ಗೊತ್ತಿದ್ದರೂ ಹಾಕುತ್ತಿರಲಿಲ್ಲ.

ಕಂಪ್ಯೂಟರು “ರವಾನೆ: ಸಿಗಲಿಲ್ಲ” ಎಂದಿತು.

“ಸಿಗಲ್ಲ ಅಂತ ನನಗೂ ಗೊತ್ತು ಮಾರಾಯ. ಈಗ ತಾನೇ ನಾಮಕರಣ ಮಾಡ್ತಿದ್ದೀನಿ!”

ಮತ್ತೆ ಹೊಡೆದರು. ಮತ್ತೆ ಅದೇ ಉತ್ತರ. ಹೆಸರಿಗೂ ಆಜ್ಞೆಗೂ ನಡುವೆ ಹಾಕುವ ‘ಸಮ’ ಎಂಬ ಗುರುತಿನ ಅಕ್ಕಪಕ್ಕ ಜಾಗ ಬಿಡಬಾರದೆಂದು ಹೆಂಡತಿ ಹೇಳಿದ್ದು ನೆನಪಾಯಿತು. ಆದರೆ ಜಾಗ ಬಿಟ್ಟಿದೆಯೋ ಇಲ್ಲವೋ ಕಣ್ಣಿಗೆ ಕಾಣಬೇಕಲ್ಲ, ಕನ್ನಡಕ ಎಲ್ಲಿ? ಬಚ್ಚಲಲ್ಲಿ ನೋಡಿದರು. ಸೋಫಾದ ಸಂದಿಗೆ ಕೈ ಹಾಕಿದರು. ಫ್ರಿಜ್ ತೆರೆದು ನೋಡಿದರು. ಹಾಸಿಗೆಯ ಮೇಲಿನ ಹೊಸ ದಿಂಬಿನ ಕವರನ್ನೂ ತೆಗೆದು ಕೊಡವಿದರು. ಕೊನೆಗೆ ಸುಸ್ತಾಗಿ ಹಣೆಯ ಬೆವರೊರೆಸಿಕೊಳ್ಳಲು ಹೋದಾಗ ಕೈಗೆ ಗಾಜು ತಗುಲಿತು.

ಜಾಗ ತೆಗೆದು, ಹೆಸರಿಟ್ಟು, ಎದೆಯುಬ್ಬಿಸಿ ‘ರವಾನೆ’ ಎಂದು ಹೊಡೆದರು. ಕಡತ ಸರಸರನೆ ಹೋಗತೊಡಗಿತು. ಯಾಕೋ ಹೋಗುತ್ತಲೇ ಇತ್ತು. “ನೋಡಿದೆಯಾ?” ಎಂದು ಖಾಲಿ ಕುರ್ಚಿಯ ಕಡೆ ತಿರುಗಿ ಕೇಳಿದರು. ಕುರ್ಚಿ ನೋಡಿರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಸೀದ ವಾಸನೆ ಬಂತು. ಓಡಿದರೆ, ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳದಲ್ಲಿ ಕರೀ ಹೆಂಚಾಗಿ ಕೂತಿತ್ತು. ಒಲೆ ಆರಿಸಿ, ಪಾತ್ರೆಗೆ ನೀರು ಬಿಟ್ಟು, ಹೊಗೆಯೊಳಗೆ ಕೆಮ್ಮುತ್ತ ನಿಂತಿದ್ದಾಗ ಫೋನು ಹೊಡೆದುಕೊಂಡಿತು. ಹೆಂಡತಿಯೇ ಇರಬೇಕೆಂದು ಒದ್ದೆ ಕೈಯಲ್ಲೇ ಎತ್ತಿದರು.

“ಸರ್, ನಾನು, ಎಡಿಟರು. ಒಂದು ಡೌಟು. ನಮ್ಮ ಕಪ್ತಾನ ಹೆಂಡ್ತಿಗೆ ‘ಫ್ರಿಜ್ಜಿನ ಬಾಗಿಲು ನೀನು ಮುಚ್ಚಿದ್ರೆ ಮಾತ್ರ ಸರಿಯಾಗಿ ಕೂರತ್ತೆ’ ಅಂತಾನಾ?”

ಮಹಾಶಯರು ಅಡುಗೆಕಟ್ಟೆಗೆ ಒರಗಿಕೊಂಡರು.

“ನಾನು ಆ ಸೀನು ಮತ್ತೆ ಮತ್ತೆ ನೋಡ್ದೆ ಸರ್. ಅವನು ಬರೀ ಟೋಪಿ ತೆಗೀತಾನೆ. ನಿಮ್ಮ ದನೀಲಿ ಬಂದಿರೋ ಈ ರೆಕಾರ್ಡಿಂಗಲ್ಲಿ ‘ಮನೆಗೆ ಬರೋದು ಅಂದ್ರೆ ಈಗ ಬೀಗ ತೆಗೆಯೋದು ಅಷ್ಟೇ ಆಗಿದೆ’ ಅಂತೆಲ್ಲ ಇದೆ. ಡೈಲಾಗು ಚೆನ್ನಾಗಿದೆ. ಅಕೌಂಟ್ಸ್ ಮೇಡಂ ಕಣ್ಣೊರೆಸಿಕೊಂಡ್ರು. ಆದ್ರೆ ಯಾವ ಸೀನಿಗೆ ಸರ್ ಇದು?”

ಸಾಲುಗಳು ನಟರ ಮಾತಿನ ವೇಗಕ್ಕೆ ಹೊಂದುತ್ತವೆಯೇ ಎಂದು ನೋಡಲು ಮಹಾಶಯರು ತಾವೇ ಓದಿ ರೆಕಾರ್ಡ್ ಮಾಡಿಕೊಳ್ಳುವುದುಂಟು. ಮೊನ್ನೆ ಕಪ್ತಾನನ ಬೀಳ್ಕೊಡುಗೆ ಓದಿ ಮುಗಿಸಿದವರು ನಿಲ್ಲಿಸಲು ಮರೆತು, ಎದುರಿನ ಖಾಲಿ ಕುರ್ಚಿಯ ಜೊತೆ ಮಾತಿಗಿಳಿದಿದ್ದರು. ಹೆಂಡತಿಗೆ ಕಳಿಸೋಣವೆಂದು ಎತ್ತಿಟ್ಟರು, ಆಮೇಲೆ ನಾಚಿಕೆಯಾಗಿ ಕಳಿಸದೆ ಬಿಟ್ಟರು. ಅದು ಅದೇ ಫೋಲ್ಡರಿನಲ್ಲಿ ಬಿದ್ದಿತ್ತು. ನಕ್ಷತ್ರವೆಂದರೆ ‘ಇದ್ದದ್ದೆಲ್ಲ’ ಎಂದರ್ಥ; ಅದರ ದಯೆಯಿಂದ ಈಗ ಇಡೀ ಫೋಲ್ಡರು ಸ್ಟುಡಿಯೋ ಸೇರಿತ್ತು.

“ಅದನ್ನ ಅಳಿಸಿಬಿಡಿ,” ಎಂದರು ಕ್ಷೀಣವಾಗಿ.

“ಅಳಿಸ್ತೀನಿ ಸರ್. ಆದ್ರೆ ಸಬ್‌ಟೈಟಲ್ಲು ಒಂದು ರಾಶಿ ಬಂದಿದೆ, ಯಾವುದು ಕೊನೇದು ಗೊತ್ತಾಗ್ತಿಲ್ಲ. ಮುಂಚಿನ ಹಾಗೆ ಒಂದೇ ಕಳಿಸಿ. ಬೇಗ, ಇಲ್ಲಿ ಎಲ್ರೂ ಕಾಯ್ತಿದ್ದಾರೆ.”

ಮುಂಚಿನ ಹಾಗೆ ಎಂದರೆ ‘ಹೋಗಿಬಾ’. ಅದನ್ನು ಬಲ್ಲವಳು ಒಬ್ಬಳೇ. ಗೋಡೆಯ ಗಡಿಯಾರದಲ್ಲಿ ಮಧ್ಯಾಹ್ನ ಹತ್ತಿರವಾಗುತ್ತಿತ್ತು. ಅವಳು ಆಗಲೇ ‘ಇರ್ತೀನಿ’ ಎಂದು ಹೇಳಿಬಿಟ್ಟಿದ್ದರೆ? ಮಹಾಶಯರು ಅಭಿಮಾನವನ್ನು ಪಾತ್ರೆಯ ಪಕ್ಕ ನೆನೆಹಾಕಿ ಫೋನು ಹಚ್ಚಿದರು.

“ಒಂದು ಸಣ್ಣ ತಪ್ಪಾಯ್ತು. ಸ್ಟುಡಿಯೋಗೆ ಏನೇನೋ ತಪ್ಪಿ ಹೋಯ್ತು. ನೀನಿಟ್ಟಿದ್ದ ಹೆಸರೆಲ್ಲ ಅಳಿಸಿಬಿಟ್ಟೆ.”

“ಎಲ್ಲಾನೂ?”

“ಎಲ್ಲಾನೂ. ಒಂದೂ ಉಳಿದಿಲ್ಲ. ನೀನು ಬರೆದಿದ್ದೆಲ್ಲ ಹೋಯ್ತು.”

ಆ ಕಡೆಯಿಂದ ಬೈಗುಳ ಬರುತ್ತದೆಂದು ಕಾದರೆ ನಗು ಬಂತು. “ರೀ, ಮಹಾಶಯರೇ, ಹೊಡೆದದ್ದು ಆ ಒಂದು ಕಿಟಕೀಲಿ ತಾನೇ? ಅಲ್ಲಿ ಅಳಿಸಿದ್ದು ಅಲ್ಲಿಗಷ್ಟೇ. ನಾನು ಬರೆದಿರೋದು ಒಳಗೆ ಬೇರೆ ಕಡೆ ಇದೆ. ಆ ಕಿಟಕಿ ಮುಚ್ಚಿ ಇನ್ನೊಂದು ತೆಗೀರಿ.”

ಮುಚ್ಚಿದರು, ತೆಗೆದರು. ‘ರವಾನೆ’ ಎಂದು ಹೊಡೆದರೆ ಅದು ಹೇಳಹೆಸರಿಲ್ಲದೆ ಹೋಗಿತ್ತು. ಅವರ ಸಾಮ್ರಾಜ್ಯವೂ ಆ ಒಂದು ಕಿಟಕಿಯಷ್ಟೇ ದೊಡ್ಡದು. ನಿಧಾನವಾಗಿ ‘ಹೋಗಿಬಾ’ ಎಂದು ಹೊಡೆದರು. ಒಂದೇ ಒಂದು ಕಡತ ಹೊರಟು ಸ್ಟುಡಿಯೋ ಮುಟ್ಟಿತು. “ಹೋಯ್ತು. ಈಗ್ಲಾದ್ರೂ ಒಲೆ ಆರಿಸಿದ್ದೀರಾ ನೋಡಿ” ಎಂಬ ಸಾಲು ಬಂತು. ಮಹಾಶಯರು ಅದನ್ನು ಓದಿದರು, ಮತ್ತೊಮ್ಮೆ ಓದಿದರು, ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು.

“ಬಂತಾ?”

“ಹ್ಞೂಂ. ಬಂತು.”

“ಮತ್ತೆ ಸ್ಟುಡಿಯೋಗೆ ತಪ್ಪಿ ಏನು ಹೋಗಿತ್ತು?”

“ಏನೋ ಒಂದು ರೆಕಾರ್ಡಿಂಗು. ಅವರೆಲ್ಲ ಕೇಳಿಬಿಟ್ರು. ಬಿಡು.”

“ಏನಿತ್ತು ಅದ್ರಲ್ಲಿ?”

“ಏನೋ ಒಂದು.”

“ಸ್ಟುಡಿಯೋದವರೆಲ್ಲ ಕೇಳಿದ್ದಾರೆ, ನಾನು ಕೇಳಬಾರದಾ?”

“ಕಳಿಸ್ತೀನಿ ಬಿಡು ಆಮೇಲೆ.”

“ಕಳಿಸೋದು ಬೇಡ. ಹೇಳಿ. ನೋಡಿ, ಇವರು ಮತ್ತೆ ಕೇಳೋಕೆ ಬರ್ತಾರೆ, ನಾನಿನ್ನೂ ಉತ್ತರ ಕೊಟ್ಟಿಲ್ಲ. ಬೆಳಗ್ಗೆ ‘ನಿನ್ನಿಷ್ಟ’ ಅಂದ್ರಲ್ಲ, ಅದು ಅಡ್ಡಹೆಸರು. ಮದುವೆಯಾದಾಗಿನಿಂದ ಅದೊಂದನ್ನೇ ಹೊಡೀತಿದ್ದೀರಿ. ಅದರ ಹಿಂದೆ ಇರೋ ಉದ್ದದ ಮಾತು ಹೇಳಿ.”

ಮಹಾಶಯರು ಖಾಲಿ ಕುರ್ಚಿಯ ಕಡೆ ಬೆನ್ನು ಮಾಡಿ ನಿಂತರು. ಗಂಟಲು ಸರಿಮಾಡಿಕೊಂಡರು. ಫ್ರಿಜ್ಜಿನ ಬಾಗಿಲಿನಿಂದ ಶುರುಮಾಡಿದರು. ಬೀಗದ ವಿಷಯ ಹೇಳಿದರು. ಸಂಜೆ ಹೊತ್ತು ಮೆಟ್ಟಿಲ ಮೇಲೆ ಯಾರದ್ದೇ ಚಪ್ಪಲಿ ಸದ್ದಾದರೂ ಟಿ.ವಿ. ದನಿ ತಗ್ಗಿಸಿ ಕೇಳುವುದನ್ನು ಹೇಳಿದರು. ಕೆಲಸವಿಲ್ಲದೆಯೂ ‘ಕಟ್ಟು’ ಹೊಡೆದು ನೀರು ಕುಡಿದದ್ದನ್ನು ಹೇಳಿದರು. ದಿಂಬಿನ ಕವರು ಹಾಕಿದ್ದು, ಕನ್ನಡಕಕ್ಕಾಗಿ ಅದನ್ನು ತೆಗೆದದ್ದು, ಮತ್ತೆ ಹಾಕುವುದಾಗಿಯೂ ಹೇಳಿದರು. ಎರಡು ಸಾಲಿಗಿಂತ ಜಾಸ್ತಿ ಬರೆದು ಅಭ್ಯಾಸವಿಲ್ಲದ ಮನುಷ್ಯ, ಸಾಲು ಎಲ್ಲಿ ಮುಗಿಸಬೇಕೆಂದು ತಿಳಿಯದೆ ತಡವರಿಸಿದರು. “ನಂಗೆ ಆಗ್ತಿಲ್ಲ ಕಣೇ. ಬಂದ್ಬಿಡು,” ಎಂದು ಹೇಗೋ ಮುಗಿಸಿದರು.

ಆ ಕಡೆ ಮೂಗೆಳೆದ ಸದ್ದಾಯಿತು.

“ಇಷ್ಟುದ್ದ ಪ್ರತಿ ಸಲ ಹೇಳೋಕೆ ನಿಮ್ಮ ಕೈಲಾಗಲ್ಲ,” ಎಂದಳು. “ಇದಕ್ಕೂ ಒಂದು ಪುಟ್ಟ ಹೆಸರಿಡೋಣ. ‘ಬಾ’ ಅಂತ. ಒಂದೇ ಅಕ್ಷರ, ಮರೆಯಲ್ಲ. ಕಿಟಕಿ ಮುಚ್ಚಿದ್ರೂ ಅಳಿಸಿಹೋಗದ ಹಾಗೆ ಅದನ್ನ ಎಲ್ಲಿ ಬರೀಬೇಕು ಅಂತ ಮುಂದಿನ ವಾರ ಬಂದು ತೋರಿಸ್ತೀನಿ.”

ಮಹಾಶಯರು ಫೋನು ಹಿಡಿದುಕೊಂಡೇ ದಿಂಬಿಗೆ ಕವರು ಹಾಕಲು ಹೊರಟರು.

“ಅಷ್ಟರೊಳಗೆ ಆ ಪಾತ್ರೆ ಉಜ್ಜಿಟ್ಟಿರಿ.”

“ಯಾವ ಪಾತ್ರೆ?” ಎಂದರು ಮಹಾಶಯರು. ಪಾತ್ರೆಯ ವಿಷಯ ಅವರು ತುಟಿಪಿಟಕ್ಕೆನ್ನದೆ ಮುಚ್ಚಿಟ್ಟಿದ್ದರು.

“ಹಾಲಿಂದು. ಬೆಳಗ್ಗೆಯಿಂದ ‘ಹೋಗಿಬಾ’ ಇಲ್ದೆ ಕೂತಿದ್ರಲ್ಲ, ಒಲೆ ಆರಿಸಿ ಅಂತ ನಿಮಗೆ ಯಾರು ಹೇಳಿರ್ತಾರೆ?”