ಹಾಲಿನ ಕೆನೆ ಹರಿಯಲಿ ಅಂತ ಕಾಯುವ ಚಿಕ್ಕಪ್ಪ

ಮೇ ತಿಂಗಳ ಮುಳಬಾಗಿಲಿನ ಬಿಸಿಲಲ್ಲಿ ಮಂಕಿ ಕ್ಯಾಪು ಹಾಕಿಕೊಂಡು ತರಕಾರಿಗೆ ಹೋಗುವವರು ನಿಮ್ಮ ನೆಂಟರಲ್ಲಿ ಯಾರಾದರೂ ಇದ್ದಾರೆಯೇ? ಇಲ್ಲ ತಾನೇ? ನನಗಿದ್ದಾರೆ! ನಮ್ಮ ಚಿಕ್ಕಪ್ಪ. ಅವರಿಗೆ ತಲೆ ಕೆಟ್ಟಿದೆ ಅಂತ ನಾನಂತೂ ಹೇಳುವುದಿಲ್ಲ. ಆ ಕೆಲಸವನ್ನು ನಮ್ಮ ಬೀದಿಯವರೆಲ್ಲ ಸೇರಿ ಚೆನ್ನಾಗಿಯೇ ಮಾಡುತ್ತಿದ್ದಾರೆ.

"ಬೆವರು ಕಿತ್ಕೊಂಡು ಬರ್ತಿದೆ, ಅದನ್ನ ತೆಗೀಬಾರ್ದಾ ಚಿಕ್ಕಪ್ಪ?" ಅಂದರೆ, "ಅಲ್ಲಿ ಕೊರೆಯೋ ಚಳಿಯಂತೆ ಕಣೇ, ಫೋನಲ್ಲಿ ತೋರಿಸ್ತಿದೆ" ಅನ್ನುತ್ತಾರೆ. ಅಲ್ಲಿ ಚಳಿಯಾದರೆ ಇಲ್ಲಿ ಯಾಕೆ ಟೋಪಿ? ಕೇಳಿ ನೋಡಿ, ನಿಮ್ಮನ್ನೇ ಹುಚ್ಚರ ಥರ ನೋಡುತ್ತಾರೆ.

ಅಲ್ಲಿ ಅಂದರೆ ಲಡಾಖ್. ಅವರ ಒಬ್ಬಳೇ ಮಗಳು ಭೂಗರ್ಭಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾಳೆ. ಬಿಸಿನೀರಿನ ಬುಗ್ಗೆಗಳಲ್ಲಿ ಏಳುವ ಗುಳ್ಳೆ ಹಿಡಿದು ಸೀಸೆಗೆ ತುಂಬುವುದು ಅವಳ ಕೆಲಸ. ಜನ್ಮವೆಲ್ಲ ಜಮಾ ಖರ್ಚು ಬರೆದು ನಿವೃತ್ತರಾದ ಚಿಕ್ಕಪ್ಪ ಈಗ ಮಗಳ ಓದಿನ ಪಾಠವನ್ನು ಸಿಕ್ಕಸಿಕ್ಕವರಿಗೆಲ್ಲ ಒಪ್ಪಿಸುತ್ತಾರೆ. ಮೊನ್ನೆ ಕ್ಷೌರದ ಅಂಗಡಿಯಲ್ಲಿ ಶುರು ಹಚ್ಚಿಕೊಂಡರಂತೆ.

"ನಮ್ಮ ದೇಶ ಹೊತ್ತಿರೋ ಬಂಡೆಯ ಪ್ಲೇಟು ಇದೆಯಲ್ಲಪ್ಪ, ಅದು ಟಿಬೆಟ್ಟಿನ ಅಡಿಗೆ ನುಗ್ತಾ ಇದೆ. ಹಾಗೆ ಒಳಗೆ ಹೋದ ಭಾಗ ಹರಿದಿದೆ ಅಂತಾರೆ ಕೆಲವರು. ಹರಿದ ಸಂದಿಯಿಂದ ಪಾತಾಳದ ಬಿಸಿ ಮೇಲಕ್ಕೇರುತ್ತೆ. ಮೇಲೆ ನೆಲ ಉಬ್ಬುತ್ತೆ, ಬಿರಿಯುತ್ತೆ, ಒಂದೊಂದು ಕಡೆ ಕಲ್ಲೇ ಕರಗಿ ಉಕ್ಕುತ್ತೆ. ಆ ಬಿಸಿ ಜೊತೆ ಬರೋ ಹೀಲಿಯಂ ಬುಗ್ಗೆಯಲ್ಲಿ ಸಿಕ್ಕಿದರೆ, ಕೆಳಗೆ ಹರಿದಿರೋದಕ್ಕೆ ಒಂದು ಸುಳಿವು."

ಕ್ಷೌರಿಕನ ಕತ್ತಿ ಗಂಟಲ ಹತ್ತಿರವೇ ನಿಂತುಬಿಟ್ಟಿತು. "ಸ್ವಾಮಿ, ಟೇಕಲ್ ತನಕ ಹರಿಯುತ್ತಾ? ನಮ್ಮತ್ತೆ ಮನೆ ಅಲ್ಲೇ ಇರೋದು."

"ಇಲ್ಲಪ್ಪ, ನಮ್ಮ ಕಡೇದು ಬಹಳ ಹಳೇ ಗಟ್ಟಿ ಕಲ್ಲು. ಏನೂ ಆಗಲ್ಲ."

ಪಾಪ, ಅವನ ಮುಖ ಸಪ್ಪಗಾಯಿತಂತೆ!

ಇದನ್ನಾದರೂ ಸಹಿಸಬಹುದು. ನನ್ನ ಹಾಲಿನ ಗತಿ ಏನು? ಎದುರುಮನೆಯೇ ನಮ್ಮದಾದ್ದರಿಂದ ಬೆಳಗಾದರೆ ನನ್ನ ಒಲೆಯ ಮುಂದೆ ಹಾಜರು. ಕಾಯುವ ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ಲ, ಅದು ಹರಿದು ಕೆಳಗಿನ ಬಿಸಿ ಹಾಲು ಆ ಸೀಳಿನಿಂದಲೇ ಮೇಲೆ ಬರುವುದನ್ನು ನೋಡಬೇಕಂತೆ. "ಉರಿ ಸಣ್ಣ ಮಾಡಿ!" ಅಂತ ನಾನು ಬಚ್ಚಲಿಂದ ಕಿರುಚುತ್ತೇನೆ. "ತಾಳೇ, ಈಗ ಹರಿಯುತ್ತೆ" ಅಂತ ಉತ್ತರ. ಹರಿಯುತ್ತದೆ, ಉಕ್ಕುತ್ತದೆ, ಒಲೆಯೆಲ್ಲ ಹಾಲು! ಒರೆಸುವವಳು ಯಾರು? ನಾನೇ!

ಹೋದ ವಾರ ಮಾತ್ರ ನಗು ಬತ್ತಿತು. "ಸಿಗ್ನಲ್ ಇಲ್ಲದ ಜಾಗಕ್ಕೆ ಹೋಗ್ತಿದೀವಿ, ಭಾನುವಾರ ಫೋನ್ ಮಾಡ್ತೀನಿ" ಅಂದಿದ್ದಳು ಹುಡುಗಿ. ಭಾನುವಾರ ಬಂತು, ಹೋಯಿತು. ಫೋನಿಲ್ಲ. ಸೋಮವಾರವೂ ಇಲ್ಲ. ಚಿಕ್ಕಪ್ಪ ಊಟ ಬಿಟ್ಟರು. ತಟ್ಟೆ ಮುಂದಿಟ್ಟರೆ, "ಆಮೇಲೆ ತಿಂತೀನಿ, ಕೈ ಎಂಜಲಾದಾಗಲೇ ಫೋನ್ ಬಂದ್ರೆ?" ಅನ್ನುವರು. ಬೈಯೋಣ ಅಂದುಕೊಂಡರೆ ನಾನೂ ಗಳಿಗೆಗೊಮ್ಮೆ ಆ ಫೋನನ್ನೇ ನೋಡುತ್ತಿದ್ದೆ. ಎತ್ತಿ ಆಡಿಸಿದ ಮಗು ಅದು.

ಬುಧವಾರ ಶ್ರೀನಿವಾಸಪುರದಲ್ಲಿ ನೆಂಟರ ಗೃಹಪ್ರವೇಶ. ಒಬ್ಬರನ್ನೇ ಬಿಟ್ಟು ಹೋಗಲು ಮನಸ್ಸಾಗದೆ ಎಳೆದುಕೊಂಡು ಹೋದೆ. ಅದೇ ನಾನು ಮಾಡಿದ ತಪ್ಪು! ಹೊಸ ಮನೆಯಲ್ಲಿ ಹಾಲುಕ್ಕಿಸುವ ಶಾಸ್ತ್ರ, ಎಲ್ಲರೂ ಪಾತ್ರೆಯ ಸುತ್ತ ಕೈಮುಗಿದು ನಿಂತಿದ್ದಾರೆ. ಹಾಲು ಮೂಡಣಕ್ಕೆ ಉಕ್ಕಲಿ ಅಂತ ಯಜಮಾನರ ಪ್ರಾರ್ಥನೆ. ಮಂಕಿ ಕ್ಯಾಪಿನ ತಲೆಯೊಂದು ನಡುವೆ ತೂರಿತು.

"ಅಯ್ಯೋ, ಹರೀತು! ಹರೀತು! ನೋಡಿ, ಅಡಿಯ ಬೆಂಕಿಯೆಲ್ಲ ಮೇಲಕ್ಕೆ ಬಂತು!"

ಹಾಲು ಪಡುವಣಕ್ಕೆ ಉಕ್ಕಿತು. ಯಜಮಾನರ ಮುಖ ಸುಣ್ಣ. "ಏಮಿ ಸ್ವಾಮಿ ಇದಿ! ಮನೆ ಅಡೀಲಿ ಬೆಂಕಿನಾ?" ಅಂತ ತೆಲುಗು ಕನ್ನಡ ಎರಡರಲ್ಲೂ ನಡುಗಿದರು. ಅವರ ಹೆಂಡತಿ ಅಳುವುದೊಂದು ಬಾಕಿ. ಪುರೋಹಿತರು ಇನ್ನೊಂದು ಲೀಟರ್ ಹಾಲು ತರಿಸಿದರು.

ಚಿಕ್ಕಪ್ಪನನ್ನು ಹೊರಗೆ ಶಾಮಿಯಾನದ ಮೂಲೆಗೆ ಎಳೆದು ತಂದೆ. "ಮಾನ ಮರ್ಯಾದೆ ಇದೆಯಾ ನಿಮಗೆ? ಓದೋಳು ಅವಳು. ನಿಮಗ್ಯಾಕೆ ಬೇಕು ಈ ಪ್ಲೇಟು, ಹರಿಯೋದು, ಉಕ್ಕೋದು?"

ಕುರ್ಚಿಯ ಮೇಲೆ ಕುಸಿದು ಕೂತರು. ಕೈಯಲ್ಲಿ ಫೋನು ಹಾಗೇ ಇತ್ತು.

"ನಿಮ್ಮ ಚಿಕ್ಕಮ್ಮ ಇದ್ದಾಗ ತಾಯಿ ಮಗಳು ಗಂಟೆಗಟ್ಟಲೆ ಮಾತಾಡೋರು. ಕೊನೇಲಿ ಫೋನು ನನ್ನ ಕೈಗೆ. 'ಅಪ್ಪ, ಊಟ ಆಯ್ತಾ?' 'ಆಯ್ತಮ್ಮ.' ಅಷ್ಟೇ ಕಣೇ ನಮ್ಮಿಬ್ಬರ ಮಾತು. ನಿಮ್ಮ ಚಿಕ್ಕಮ್ಮ ಹೋದ ಮೇಲೆ ಫೋನು ಪೂರ್ತಿ ನನಗೇ ಬಂತು. ಊಟ ಆಯ್ತು ಅಂದಮೇಲೆ ಇನ್ನೇನು ಮಾತಾಡ್ಲಿ? ಇಬ್ಬರೂ ಸುಮ್ಮನೆ ಫೋನ್ ಹಿಡ್ಕೊಂಡು ಕೂತಿರ್ತಿದ್ವಿ. ಒಂದು ಸಲ ಬಾಯಿ ತಪ್ಪಿ, 'ಈ ಪ್ಲೇಟು ಯಾಕಮ್ಮ ಹರಿಯುತ್ತೆ?' ಅಂದೆ. ಫೋನ್ ಕಾದು ಬಿಸಿಯಾಗೋ ತನಕ ಮಾತಾಡಿದ್ಲು ನನ್ ಮಗಳು."

ನಾನೂ ಪಕ್ಕದ ಕುರ್ಚಿಯಲ್ಲಿ ಕೂತೆ. ಒಳಗೆ ಎರಡನೇ ಪಾತ್ರೆ ಒಲೆಗೇರಿತ್ತು.

ಆಗ ಫೋನು ಬಡಿದುಕೊಂಡಿತು ನೋಡಿ! ಚಿಕ್ಕಪ್ಪ ಗಡಿಬಿಡಿಯಲ್ಲಿ ಗುಂಡಿ ಹುಡುಕುತ್ತಿದ್ದಾಗ ನಾನೇ ಒತ್ತಿದೆ.

"ಅಪ್ಪಾ! ಮೇಲೆ ಹಿಮ ಬಿದ್ದು ದಾರಿ ಮುಚ್ಚಿಹೋಗಿತ್ತು. ಈಗ ಕೆಳಗೆ ಬಂದ್ವಿ. ಹೆದರ್ಕೊಂಡ್ರಾ?"

"ಹೆದರಿಕೆ ಯಾಕಮ್ಮ?" ಅಂದರು ನಮ್ಮ ಚಿಕ್ಕಪ್ಪ, ಸೋಮವಾರದಿಂದ ಅನ್ನ ಮುಟ್ಟದ ಮಹಾಶೂರರು. "ಅದಿರ್ಲಿ, ಹೀಲಿಯಂ ಸಿಕ್ತಾ?"

ಆ ಕಡೆಯಿಂದ ಪಾಠ ಶುರುವಾಯಿತು. ಇವರು "ಹೂಂ, ಹೂಂ" ಅನ್ನುತ್ತ ಮಂಕಿ ಕ್ಯಾಪು ಕಿತ್ತು ಕಣ್ಣೊರೆಸಿಕೊಂಡರು. ಮಡಿಲಿಗೆ ಬಿದ್ದ ಆ ಟೋಪಿಯನ್ನೆತ್ತಿ ನಾನೂ ಒರೆಸಿಕೊಂಡೆ. ಆಮೇಲೆ ಒಳಗೆ ಹೋಗಿ, ಕೊನೇ ಪಂಕ್ತಿಯಲ್ಲಿ ನಮಗೆ ಎರಡು ಎಲೆ ಇಟ್ಟಿರಿ, ನಿಧಾನವಾಗಿ ಬರ್ತೀವಿ ಅಂತ ಹೇಳಿ ಬಂದೆ.