ಅಗಲ ಬಾಯಿ, ಕಿರಿ ಬಾಯಿ ಮತ್ತು ಲಿಂಗಸುಗೂರು ಬಸ್ಸು

ಟ್ಯಾಬ್ ಸುಟ್ಟುಹೋಗಬಹುದಿತ್ತು. ಕಂಪ್ಯೂಟರ್ ಸುಟ್ಟುಹೋಗಬಹುದಿತ್ತು. ಎರಡೂ ಉಳಿದು ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು, ಇಡೀ ಓಣಿ ನಮ್ಮ ಮನೆಯ ಮುಂದೆ ಬಂದು ನಿಲ್ಲಬಹುದಿತ್ತು. ಒಳಗಿದ್ದ ಫೋಟೊಗಳೆಲ್ಲ ಅಳಿಸಿಹೋಗಬಹುದಿತ್ತು. ಸಿಂಧನೂರಿನಿಂದ ಹೊರಟ ವೈರು ಯಾರದೋ ನೆಲ್ಲಿನ ಚೀಲದ ಜೊತೆ ದಾರಿಯಲ್ಲೇ ಇಳಿದುಹೋಗಬಹುದಿತ್ತು. ಇದನ್ನೆಲ್ಲ ನಾನು ಬೆಳಗಿನ ಉಪ್ಪಿಟ್ಟು ಆರುವುದರೊಳಗೆ ಚಿಂತಿಸಿ ಮುಗಿಸಿದ್ದೆ. ಚಿಂತೆಯ ವಿಷಯದಲ್ಲಿ ನಾನು ಸೋಮಾರಿಯಲ್ಲ. ಕಾಲುವೆಗೆ ನೀರು ಬಿಟ್ಟರೆ ಎಲ್ಲಿ ಒಡೆಯುವುದೋ ಎಂದು, ಬಿಡದಿದ್ದರೆ ಎಂದು ಬಿಡುವರೋ ಎಂದು ಚಿಂತಿಸುತ್ತೇನೆ. ನಮಗೆ ಗೇಣು ಹೊಲವೂ ಇಲ್ಲ.

ಸಂಗತಿ ಇಷ್ಟು. ನನ್ನ ಹೆಂಡತಿ ಶರಣಮ್ಮ ರವಿಕೆ ಹೊಲಿಯುತ್ತಾಳೆ. ಹೊಲಿಯುತ್ತಾಳೆ ಎಂದರೆ ಕಡಿಮೆಯಾಯಿತು. ರವಿಕೆಯ ಬೆನ್ನಿನ ಮೇಲೆ ಮಣಿ, ಜರಿಗಳಿಂದ ನವಿಲನ್ನೇ ಇಳಿಸುತ್ತಾಳೆ. ಅಂದು ಲಿಂಗಸುಗೂರಿನಿಂದ ಒಂದು ಮದುವೆ ಮನೆಯವರು ಬರುವವರಿದ್ದರು. ಮದುವೆಯ ಜವಳಿ ಕೊಂಡು ಗಂಟು ಕಟ್ಟಿಸಿ ಆಗಿತ್ತು. ಮದುಮಗಳು, ಅಕ್ಕತಂಗಿಯರು, ಬೀಗತಿಯರು ಎಲ್ಲರ ರವಿಕೆಯೂ ಒಂದೇ ಕಡೆ ಎಂದು ಮಾತು. ನಮ್ಮ ಕಡೆ ಇಂಥದ್ದನ್ನು ಮದುಮಗಳು ಆರಿಸುವುದಿಲ್ಲ, ಅವಳ ಸೋದರತ್ತೆ ಆರಿಸುತ್ತಾಳೆ. ಅತ್ತೆಗೆ ಒಪ್ಪಿಗೆಯಾದರೆ ಶರಣಮ್ಮ ಪಡಸಾಲೆ ಬಿಟ್ಟು ಬಜಾರಿನಲ್ಲಿ ಒಂದು ಮಳಿಗೆ ಹಿಡಿಯುವವಳಿದ್ದಳು. ಒಪ್ಪಿಗೆಯಾಗದಿದ್ದರೆ ಆ ಗಂಟು ನೇರ ಸಿಂಧನೂರಿನ ಟೇಲರ್ ಕಡೆ ಹೋಗುತ್ತಿತ್ತು. ತೋರಿಸಲೆಂದೇ ಅವಳು ತನ್ನ ದುಡಿಮೆಯಲ್ಲಿ ಹೊಸ ಟ್ಯಾಬ್ ತಂದಿದ್ದಳು. ಆದರೆ ಇಷ್ಟು ವರ್ಷದ ಡಿಸೈನುಗಳ ಫೋಟೊ ಇದ್ದದ್ದು ನಮ್ಮ ಹಳೆಯ ಕಂಪ್ಯೂಟರಿನಲ್ಲಿ. ಅದಕ್ಕೆ ಇಂಟರ್ನೆಟ್ ಇಲ್ಲ, ವಯಸ್ಸಾಗಿದೆ, ಪರದೆಗೆ ಕಾಮಾಲೆ ಬೇರೆ: ಕೆಂಪು ರೇಷ್ಮೆಯನ್ನೂ ಹಳದಿಯಾಗಿಯೇ ತೋರಿಸುತ್ತದೆ. ಅದನ್ನು ಸೋದರತ್ತೆಯ ಮುಂದೆ ಇಡುವಂತಿರಲಿಲ್ಲ.

ಟ್ಯಾಬಿನ ಜೊತೆ ಬಂದ ವೈರಿನ ಎರಡೂ ತುದಿ ಸಣ್ಣವು, ಹೆಸರುಕಾಳಿನಂಥ ಬಾಯಿಯವು. ಕಂಪ್ಯೂಟರಿಗೋ ಹಳೆಯ ಕಾಲದ ಅಗಲ ಬಾಯಿ. ನಾನು ಹಿಂದೆ, ಮುಂದೆ, ಪಕ್ಕಕ್ಕೆ, ಬ್ಯಾಟರಿ ಹಿಡಿದು, ಕನ್ನಡಕ ತೆಗೆದು, ಹಾಕಿ, ಎಲ್ಲ ರೀತಿಯಿಂದಲೂ ನೋಡಿದೆ. ಸಂಬಂಧ ಕೂಡಿ ಬರಲಿಲ್ಲ. ಪಕ್ಕದ ಮನೆಯವರ ಫೋನಿನ ವೈರು ಎರಡಕ್ಕೂ ಕೂತಿತು. ಟ್ಯಾಬ್ ಚಾರ್ಜ್ ಆಗತೊಡಗಿತು, ಫೋಟೊ ಮಾತ್ರ ಒಂದೂ ಕದಲಲಿಲ್ಲ. ಉಣ್ಣಲು ಬಂದು ಮಾತಾಡದೆ ಹೋದ ನೆಂಟರ ಹಾಗೆ.

“ನಮ್ಮ ಮಸ್ಕಿ ಬಜಾರದಾಗ ಇನ್ನೊಂದು ತರ್ರಿ” ಎಂದಳು ಶರಣಮ್ಮ.

“ಕಂಡಕಂಡ ಅಂಗಡಿ ವೈರು ಚುಚ್ಚಿ ಟ್ಯಾಬ್ ಸುಟ್ಟರ?” ಎಂದೆ ನಾನು.

“ಹಂಗಾರ ಕುಂತು ಚಿಂತಿ ಮಾಡ್ರಿ. ಅದಕ್ಕ ವೈರು ಬೇಕಾಗಂಗಿಲ್ಲ.”

ಟ್ಯಾಬ್ ಕೊಂಡ ಸಿಂಧನೂರಿನ ಅಂಗಡಿಯ ಮಹೆಬೂಬ್ ಭಾಯಿಗೇ ಫೋನ್ ಹಚ್ಚಿದೆ. “ಫಿಕರ್ ಮಾಡಬ್ಯಾಡ್ರಿ ಸರ, ಫೋಟೋ ಹೋಗೋ ವೈರು ಐತಿ. ಲಿಂಗಸುಗೂರು ಬಸ್ಸಿನ ಡ್ರೈವರ್ ಕೈಯಾಗ ಕೊಟ್ಟು ಕಳಸ್ತೀನಿ, ಮಸ್ಕಿ ಸ್ಟ್ಯಾಂಡಿಗೆ ಬಂದು ಇಸ್ಕೊಳ್ರಿ” ಎಂದ. ಡ್ರೈವರನ ನಂಬರನ್ನೂ ಕೊಟ್ಟ. ನಮ್ಮ ಕಡೆ ಔಷಧಿ, ಟ್ರ್ಯಾಕ್ಟರಿನ ಬಿಡಿಭಾಗ, ಮರೆತು ಬಂದ ಕನ್ನಡಕ ಎಲ್ಲ ಹೀಗೇ ಓಡಾಡುತ್ತವೆ. ಯಾವ ರಸೀದಿಯೂ ಇಲ್ಲ, ಯಾವುದೂ ಕಳೆಯುವುದೂ ಇಲ್ಲ. ಯಾರೂ ಇದನ್ನು ಉಪಕಾರ ಎನ್ನುವುದಿಲ್ಲ. ಹಾಗಾಗಿ ನಾವು ಅವರಿಗೆ ಋಣಿ ಎಂದು ಹೇಳುವುದೂ ಉಳಿದುಹೋಗುತ್ತದೆ.

ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಬಸ್ಸು ತಡವಾಗಿದ್ದರೆ ಒಳಗೆ ಬಾರದೆ ರಸ್ತೆಯ ಮೇಲಿಂದಲೇ ಹೋದೀತು ಎಂಬ ಶಂಕೆ ಹುಟ್ಟಿತು. ಸ್ಟ್ಯಾಂಡು ಬಿಟ್ಟು ಸರ್ಕಲ್ಲಿಗೆ ಓಡಿದೆ. ಅಲ್ಲಿ ನಿಂತ ಮೇಲೆ, ಇಲ್ಲ, ಒಳಗೇ ಹೋದರೆ ಎನ್ನಿಸಿತು, ಸ್ಟ್ಯಾಂಡಿಗೆ ಓಡಿದೆ. ಬಸ್ಸು ಸರ್ಕಲ್ಲಿನಲ್ಲೂ ನಿಂತಿತಂತೆ, ಸ್ಟ್ಯಾಂಡಿನಲ್ಲೂ ನಿಂತಿತಂತೆ. ನಿಲ್ಲದೆ ಇದ್ದವನು ನಾನೊಬ್ಬನೇ. ಕೊನೆಗೆ ನಾನು ಕಂಡದ್ದು ಲಿಂಗಸುಗೂರಿನ ಕಡೆ ಹೋಗುತ್ತಿದ್ದ ಅದರ ಬೆನ್ನು. ಫೋನ್ ಮಾಡಿದರೆ ಡ್ರೈವರ್ ಎತ್ತಲಿಲ್ಲ. ಗಾಡಿ ಓಡಿಸುವವನು ಎತ್ತಲೂ ಬಾರದು.

ಬೆವರು ಒರೆಸುತ್ತ ಮನೆಗೆ ಬಂದು ಹೇಳಿದೆ. ಶರಣಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿ, ಗಂಟು ಹಾಕಿ, ಆಮೇಲೆ ತಲೆ ಎತ್ತಿದಳು.

“ಬಸ್ ಎಲ್ಲಿಗೆ ಹೊಂಟೈತಿ?”

“ಲಿಂಗಸುಗೂರಿಗೆ.”

“ಬರೋರು ಎಲ್ಲಿಂದ ಬರಾಕತ್ತಾರ?”

ನಾನು ಉತ್ತರ ಹೇಳುವ ಮೊದಲೇ ಅವಳು ಸೋದರತ್ತೆಗೆ ಫೋನ್ ಹಚ್ಚಿದ್ದಳು. “ಅತ್ತಿ, ಇನ್ನಾ ಊರು ಬಿಟ್ಟಿಲ್ಲ ಅಲ್ರೀ? ಸಿಂಧನೂರು ಬಸ್ಸಿನ ಡ್ರೈವರ್ ಹತ್ರ ನಮ್ಮದೊಂದು ಸಣ್ಣ ಪೊಟ್ಟಣ ಐತಿ, ಅವನ ನಂಬರ್ ಕಳಸ್ತೀನಿ, ಬರೂ ಮುಂದ ಹಿಡಕೊಂಡು ಬರ್ರಿ.” ಗಿರಾಕಿಯ ಕೈಯಿಂದಲೇ ಸಾಮಾನು ತರಿಸುವ ಧೈರ್ಯ ನನಗೆ ಏಳು ಜನ್ಮಕ್ಕೂ ಬಾರದು. ಆ ಕಡೆಯಿಂದ ಅತ್ತೆಯ ಗಂಡಸಿನಂಥ ದನಿ, “ತಗೋ ಯವ್ವಾ, ಅದ್ರಾಗೇನೈತಿ, ಚಾ ಇಟ್ಟಿರು” ಎಂದಿತು.

ಅವರು ಬಂದರು, ಮುಂದೆ ಸೋದರತ್ತೆ, ಕೈಯಲ್ಲಿ ಪೊಟ್ಟಣ. ಅವರು ಪಡಸಾಲೆಯಲ್ಲಿ ಚಹಾ ಕುಡಿಯುವಷ್ಟರಲ್ಲಿ ನಾನು ಒಳಗೆ ದೇವರನ್ನು ನೆನೆದು ವೈರು ಚುಚ್ಚಿದೆ. ಅಗಲ ಬಾಯಿ ನುಂಗಿತು, ಕಿರಿ ಬಾಯಿ ನುಂಗಿತು. ಯಾವುದೂ ಸುಡಲಿಲ್ಲ. ಒಂದೂ ಬಿಟ್ಟುಹೋಗಬಾರದೆಂದು, ಬೇಕಾದದ್ದು ಬೇಡವಾದದ್ದು ಎನ್ನದೆ ಕಂಪ್ಯೂಟರಿನಲ್ಲಿದ್ದ ಫೋಟೊಗಳನ್ನೆಲ್ಲ ಸಾಗಿಸಿಬಿಟ್ಟೆ. ಆ ಮುದಿ ಯಂತ್ರ ಏದುಸಿರು ಬಿಡುತ್ತ ಒಂದೊಂದನ್ನೇ ದಾಟಿಸಿತು. ನಾನು ಅದರ ತಲೆ ಸವರಿದೆ. ಮಹೆಬೂಬ್ ಭಾಯಿ, ಮುಖ ಕಾಣದ ಆ ಡ್ರೈವರ್, ಪೊಟ್ಟಣ ಹಿಡಿದು ಬಂದ ಅತ್ತೆ, ಯಾರಿಗೆಂದು ಕೈಮುಗಿಯಲಿ? ಎಲ್ಲರಿಗಿಂತ ಮೊದಲು, ಇಷ್ಟು ವರ್ಷ ನನ್ನ ಚಿಂತೆಯ ಪಕ್ಕದಲ್ಲೇ ಕೂತು ಒಂದು ಹೊಲಿಗೆಯೂ ತಪ್ಪಿಸದವಳಿಗೆ.

ಸೋದರತ್ತೆ ಬೆರಳಿನಿಂದ ಟ್ಯಾಬ್ ಸರಿಸುತ್ತ ಹೋದರು. ನವಿಲು, ಕಮಲ, ಮಾವಿನಕಾಯಿ, ಯಾವುದಕ್ಕೂ ಮುಖ ಅರಳಲಿಲ್ಲ. ಒಂದು ಕಡೆ ಬೆರಳು ನಿಂತಿತು. “ಇದಽ ನೋಡವ್ವಾ! ಎಲ್ಲಾರಿಗೂ ಇದಽ ಇರಲಿ” ಎಂದರು. ಮದುಮಗಳು ತಲೆಯಾಡಿಸಿದಳು. ಮಳಿಗೆ ಗಟ್ಟಿಯಾಯಿತು. ಖಾಲಿ ಕಪ್ಪು ತೆಗೆಯಲು ಬಗ್ಗಿದವನು ಇಣುಕಿ ನೋಡಿದೆ. ತೆಗೆದ ಕಪ್ಪನ್ನು ಮತ್ತೆ ಅಲ್ಲೇ ಇಟ್ಟೆ. ಶರಣಮ್ಮ ಕೆಲಸ ಶುರು ಮಾಡಿದ ಹೊಸದರಲ್ಲಿ ಅಂಗಡಿಯ ಬೊಂಬೆ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಬಾಗಿಲು ಹಾಕಿಕೊಂಡು, ರವಿಕೆಯನ್ನು ನನ್ನ ಬೆನ್ನಿಗೇ ಪಿನ್ನು ಹಚ್ಚಿ ಫೋಟೊ ತೆಗೆಯುತ್ತಿದ್ದಳು. ಯಾರಿಗೂ ತೋರಿಸುವುದಿಲ್ಲವೆಂದು ಆಣೆ ಮಾಡಿ ಬೇರೆ ಇಟ್ಟಿದ್ದ ಫೋಟೊಗಳವು. ಅತ್ತೆಯ ಬೆರಳು ನಿಂತದ್ದು ಅಂಥದ್ದೊಂದರ ಮೇಲೆ.

ಅತ್ತೆ ಫೋಟೊ ಹಿಗ್ಗಿಸಿ ನೋಡಿದರು. “ಏನ್ ಅಗಲ ಬೆನ್ನವ್ವಾ ಈಕೀದು! ಪಾಪ, ಹೊಲದಾಗ ಭಾಳ ದುಡದಾಕಿ ಇರಬೇಕು.”

“ಇಲ್ರೀ ಅತ್ತಿ,” ಶರಣಮ್ಮ ಅಳತೆಯ ಟೇಪು ಬಿಚ್ಚುತ್ತ ಹೇಳಿದಳು, “ಈಕಿ ಬರೇ ಚಿಂತಿ ಮಾಡ್ತಾಳ.”

ಆಗಬಹುದಾದ ಅಷ್ಟೆಲ್ಲದರಲ್ಲಿ ಇದೊಂದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಕಪ್ಪುಗಳನ್ನು ಎತ್ತಿಕೊಂಡು, ಅವರಿಗೆ ಬೆನ್ನು ತೋರಿಸದಂತೆ, ಹಿಂದೆ ಹಿಂದೆ ಹೆಜ್ಜೆ ಇಡುತ್ತಲೇ ನಾನು ಅಡುಗೆಮನೆ ಸೇರಿದೆ.