ದೊಡ್ಡತ್ತೆಯ ಕೋಳಿ, ಚಿಕ್ಕಪ್ಪನ ಕುರ್ಚಿ

ಚಿಕ್ಕಪ್ಪ ಹಲ್ಲು ಕೀಳಿಸಿಕೊಂಡದ್ದೇ ಇಷ್ಟಕ್ಕೆಲ್ಲ ಕಾರಣ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಆ ಕುಟುಂಬದವರೆಲ್ಲ ದೊಡ್ಡತ್ತೆಯ ಮನೆಯಲ್ಲಿ ಸೇರಿ ಊಟ ಮಾಡುತ್ತಿದ್ದರು. ಊಟದ ನಡುವೆ ಬರುವ ಕೋಳಿ ರೋಸ್ಟ್ ದೊಡ್ಡತ್ತೆಯ ಕೈಯದು. ಅದರ ವಿಷಯದಲ್ಲಿ ಯಾರೂ ತಲೆಹಾಕುವಂತಿರಲಿಲ್ಲ. ಅದಕ್ಕೆ ಮುಂಚಿನ ಸ್ಟಾರ್ಟರ್, ಆಮೇಲಿನ ಸಿಹಿ, ಇವನ್ನು ಆರಿಸಿ ತರುವ ಭಾರ ಮಾತ್ರ ಚಿಕ್ಕಪ್ಪನದು. ಈ ವರ್ಷ ಅವರು ಇದ್ದಬದ್ದ ಹಲ್ಲನ್ನೆಲ್ಲ ಕೀಳಿಸಿಕೊಂಡು, ಹಾಲು ಕುಡಿಯುತ್ತ ತಮ್ಮ ಮನೆಯಲ್ಲೇ ಮಲಗಿಬಿಟ್ಟರು. ಅವರನ್ನು ನೋಡಲು ಹೋದವರೆಲ್ಲ ಬಾಯಲ್ಲಿ ಅಯ್ಯೋ ಪಾಪ ಎಂದು, ಮನಸ್ಸಿನಲ್ಲಿ ಹೊಟ್ಟೆಕಿಚ್ಚು ಪಟ್ಟುಕೊಂಡು ಬಂದರು. ಆ ಹೊಟ್ಟೆಕಿಚ್ಚಿನ ಗುಟ್ಟು ಕಿರಿಯ ಅಳಿಯನಿಗೆ ಗೊತ್ತಿರಲಿಲ್ಲ.

"ಈ ಸಲ ಆ ಕೆಲಸ ನೀವು ಮಾಡಿ ಅಳಿಯಂದ್ರೆ" ಎಂದಿದ್ದರು ಮಾವ, ದೊಡ್ಡತ್ತೆಯ ತಮ್ಮ. "ಸುಸೂತ್ರವಾಗಿ ನಡೆದರೆ ಚಿಕ್ಕಪ್ಪನ ಕುರ್ಚಿ ನಿಮಗೇ."

ಆ ಮಾತು ಕೇಳಿ ಕಿರಿಯ ಅಳಿಯನ ಎದೆ ಉಬ್ಬಿತ್ತು. ಮದುವೆಯಾಗಿ ಆರು ವರ್ಷವಾದರೂ ದೊಡ್ಡ ಮೇಜಿನಲ್ಲಿ ಜಾಗವಿಲ್ಲವೆಂದು ಅವನನ್ನು ಮಕ್ಕಳ ಮೇಜಿಗೆ ಹಾಕುತ್ತಿದ್ದರು. ಕೂತರೆ ಮೊಣಕಾಲು ಗಲ್ಲಕ್ಕೆ ತಾಗುವಂಥ ಸ್ಟೂಲು, ಅರ್ಧ ಲೋಟ ಜ್ಯೂಸು, ತಲೆಗೊಂದು ಕಾಗದದ ಕಿರೀಟ. ಹೆಂಡತಿ ದೊಡ್ಡ ಮೇಜಿನಿಂದ ತಿರುಗಿ, "ಗಲಾಟೆ ಮಾಡದೆ ತಿನ್ನಿ ಎಲ್ಲರೂ" ಎನ್ನುವಾಗ ಆ ಎಲ್ಲರಲ್ಲಿ ತಾನೂ ಸೇರಿದ್ದೇನೋ ಇಲ್ಲವೋ ಎಂದು ಅವನಿಗೆ ಪ್ರತಿ ವರ್ಷವೂ ಅನುಮಾನ. ಹೋದ ವರ್ಷ ಪಕ್ಕದ ಮನೆಯಾಕೆ ಬಂದು ಮಕ್ಕಳಿಗೆ ಚಾಕಲೇಟು ಹಂಚಿದಾಗ ಅವನ ಕೈಗೂ ಒಂದು ಹಾಕಿ, ಗಲ್ಲ ಹಿಂಡಲು ಹೋಗಿ, ಮೀಸೆ ಕಂಡು ಕೈ ಹಿಂದಕ್ಕೆ ತೆಗೆದುಕೊಂಡಿದ್ದಳು. ಆ ರಾತ್ರಿಯಿಂದ ಅವನಿಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ.

ಅವನು ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಗಿರಾಕಿಯ ಕಣ್ಣಿಗೆ ಗಾಜು ಬದಲಾಯಿಸುತ್ತ, "ಇದು ಚೆನ್ನಾಗಿ ಕಾಣುತ್ತೋ, ಅದೋ?" ಎಂದು ದಿನವಿಡೀ ಕೇಳುವುದೇ ಕಸುಬು. ಆರಿಸುವುದು ಯಾವಾಗಲೂ ಎದುರಿಗೆ ಕೂತವರ ಪಾಲಿಗೆ. ಅಂಥವನು ಒಂದು ವಾರ ತಲೆ ಕೆಡಿಸಿಕೊಂಡು ತಾನಾಗಿ ಆರಿಸಿದ್ದ: ಮೊದಲು ತಿಳಿಯಾದ ತರಕಾರಿ ಸೂಪು, ಕೊನೆಗೆ ಹಣ್ಣಿನ ಸಲಾಡು. ಹಗುರ, ಗೌರವಸ್ಥ, ಯಾರೂ ಬೆರಳು ತೋರಿಸುವಂತಿಲ್ಲ.

ಬೆಳಿಗ್ಗೆ ಶೂ ಹಾಕಿಕೊಳ್ಳುತ್ತ ಅದನ್ನು ಹೆಂಡತಿಗೆ ಹೇಳಿದ. ಅವಳು ಒಳಗೆ ಹೋಗಿ ಫೋನ್ ಎತ್ತಿಕೊಂಡಳು.

ಅಂಗಡಿಯ ಬಾಗಿಲು ತೆಗೆದು ಹತ್ತು ನಿಮಿಷವಾಗಿರಲಿಲ್ಲ, ಬ್ಯಾಂಕಿನಲ್ಲಿರುವ ಅವಳ ಅಣ್ಣ ಬಂದು ಪರೀಕ್ಷೆಯ ಕುರ್ಚಿಯಲ್ಲಿ ಕೂತ.

"ಕಣ್ಣಿಗೇನಾಯ್ತು ಭಾವ?"

"ಕಣ್ಣು ಚೆನ್ನಾಗೇ ಇದೆ. ನಿಮ್ಮ ಯಜಮಾನರು ನೋಡ್ತಾ ಇದಾರೆ, ಗಾಜು ಹಾಕಿ" ಎಂದು ಭಾವ ದನಿ ತಗ್ಗಿಸಿದ. "ಸೂಪಂತೆ?"

"ಹೌದು. ಹಗುರ ಇರಲಿ ಅಂತ."

"ಹಗುರ. ಅಲ್ರೀ, ದೊಡ್ಡತ್ತೆ ಮಾಡೋ ಕೋಳಿ ತಿಂದಿದೀರಿ ತಾನೆ?"

ತಿಂದಿದ್ದ. ಹೊರಗೆ ಇದ್ದಿಲು, ಒಳಗೆ ಹತ್ತಿ. ಬಾಯಿಗೆ ಹಾಕಿಕೊಂಡರೆ ಬಾಯಲ್ಲಿದ್ದ ನೀರನ್ನೂ ಹೀರಿಕೊಂಡು ಬೆಳೆಯುತ್ತಿತ್ತು. ರೋಸ್ಟ್ ಮೇಜಿಗೆ ಬರುವ ಹೊತ್ತಿಗೆ ಮನೆಯ ನಾಯಿ ತಾನಾಗಿ ಎದ್ದು ಅಂಗಳಕ್ಕೆ ಹೋಗುತ್ತಿತ್ತು. ಆದರೆ ಮಕ್ಕಳ ಮೇಜಿಗೆ ಬರುತ್ತಿದ್ದದ್ದು ಒಂದೊಂದು ಚೂರು. ದೊಡ್ಡವರು ಹೇಗೆ ಬದುಕುಳಿಯುತ್ತಾರೆಂದು ಅವನು ಯೋಚಿಸಿರಲಿಲ್ಲ.

"ಸ್ಟಾರ್ಟರ್ ಇರೋದೇ ಅದಕ್ಕೆ" ಎಂದ ಭಾವ. "ಕೋಳಿ ಬರೋ ಹೊತ್ತಿಗೆ ಹೊಟ್ಟೇಲಿ ಬೆರಳಿಡೋಕೂ ಜಾಗ ಇರಬಾರದು. ಚಿಕ್ಕಪ್ಪ ಇಷ್ಟು ವರ್ಷ ನಮ್ಮನ್ನ ಕಾಪಾಡಿದ್ದು ಹಾಗೆ. ಕಟ್ಲೆಟ್ ತನ್ನಿ. ದಪ್ಪಗಿರೋದು."

"ದೊಡ್ಡತ್ತೆಗೇ ಹೇಳಬಹುದಲ್ವಾ?"

ಭಾವ ಗಾಜಿನ ಹಿಂದಿನಿಂದ ದೊಡ್ಡ ಕಣ್ಣು ಬಿಟ್ಟು ನೋಡಿದ. "ನಮ್ಮನ್ನೆಲ್ಲ ಎತ್ತಿ ಆಡಿಸಿದವಳು. ವರ್ಷಕ್ಕೊಂದು ದಿನ ಅಷ್ಟು ಆಸೆಯಿಂದ ಮಾಡ್ತಾಳೆ. ಯಾವ ಬಾಯಲ್ಲಿ ಹೇಳೋದು?"

ಅದೂ ನಿಜವೇ. ಕಿರಿಯ ಅಳಿಯನಿಗೂ ದೊಡ್ಡತ್ತೆಯ ಮೇಲೆ ಪ್ರೀತಿಯಿತ್ತು. ಕಾಗದದ ಕಿರೀಟ ತನ್ನ ಕೈಯಾರೆ ಅಂಟಿಸಿ, ಅವನ ತಲೆಯ ಅಳತೆಗೆ ಒಂದನ್ನು ಬೇರೆಯಾಗಿ ಮಾಡುತ್ತಿದ್ದವಳು ಅವಳೇ.

ಭಾವ ಎದ್ದು ಹೋದ ಮೇಲೆ ಷಡ್ಡಕ ಬಂದ. ಹೆಂಡತಿಯ ಅಕ್ಕನ ಗಂಡ, ಲಾರಿ ಓಡಿಸುವವನು, ಆರಡಿ ಆಳು. ಗೋಡೆಯ ಮೇಲಿನ ಅಕ್ಷರಗಳನ್ನು ಓದುವವನಂತೆ ನಟಿಸುತ್ತ, "ಕಟ್ಲೆಟ್ ನನ್ನ ಯಾವ ಮೂಲೆಗೆ ಸಾಲುತ್ತೆ? ಚೀಸ್ ತುಂಬಿದ ಬ್ರೆಡ್ ತಗೊಂಬಾ, ಒಂದು ಬುಟ್ಟಿ" ಎಂದ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಮಾವನೇ ಬಂದರು. ಅವರಿಗೆ ಕರಿದ ಆಲೂಗಡ್ಡೆ ಬೇಕಿತ್ತು. "ಸಿಹಿ ಮಾತ್ರ ಜೋರಾಗಿರಲಿ. ಅಪ್ಪಿತಪ್ಪಿ ಒಂದು ಚೂರು ಕೋಳಿ ಬಾಯಿಗೆ ಹೋದರೂ ಅದರ ನೆನಪು ಅಳಿಸಿಹೋಗಬೇಕು. ಚಾಕಲೇಟ್ ಕೇಕು. ಕ್ಯಾರಮೆಲ್ ಪುಡ್ಡಿಂಗೂ ಇರಲಿ. ಕುರ್ಚಿ ವಿಷಯ ನೆನಪಿದೆಯಲ್ಲ?"

"ನಿಮ್ಮ ಮನೆಯವರಿಗೆಲ್ಲ ಒಂದೇ ದಿನ ಕಣ್ಣು ಹೋಯ್ತೇನ್ರಿ?" ಎಂದರು ಅಂಗಡಿಯ ಯಜಮಾನರು. "ಒಬ್ಬರಾದ್ರೂ ಒಂದು ಕನ್ನಡಕ ಕೊಂಡ್ರಾ?" ಎಂದು ಗದರಿ, ಊಟದ ಹೊತ್ತು ಮುಗಿಯಿತೆಂದು ಡಬ್ಬಿ ಮುಚ್ಚಿಸಿದರು.

ಸಂಜೆ ಬೇಕರಿಯಲ್ಲಿ ನಿಂತಾಗ ಅವನಿಗೆ ಆರಿಸುವ ಕಷ್ಟವೇ ಇರಲಿಲ್ಲ. ಎಲ್ಲರೂ ಹೇಳಿದ್ದನ್ನೆಲ್ಲ ಕೊಂಡ. ಟ್ಯಾಕ್ಸಿಯಲ್ಲಿ ಡ್ರೈವರನ ಪಕ್ಕ ಕಟ್ಲೆಟ್, ಹಿಂದೆ ಬ್ರೆಡ್ಡಿನ ಬುಟ್ಟಿ, ಕಾಲ ಬಳಿ ಆಲೂಗಡ್ಡೆ ಮತ್ತು ಕೇಕು. ಪುಡ್ಡಿಂಗಿನ ಎರಡು ತಟ್ಟೆಗಳನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡ. ಹೊಟ್ಟೆ ಚುರುಗುಟ್ಟುತ್ತಿದ್ದರೂ ಒಂದು ಕಟ್ಲೆಟ್ಟಿಗೂ ಕೈ ಹಾಕಲಿಲ್ಲ. ಕುರ್ಚಿಯ ಪ್ರಶ್ನೆ.

ದೊಡ್ಡತ್ತೆಯ ಬೀದಿಯ ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಹಾಕಿದ. ಒಂದು ತಟ್ಟೆ ಕೈಯಲ್ಲಿ ಉಳಿಯಿತು, ಇನ್ನೊಂದು ತೊಡೆಯ ಮೇಲೆ ಕವಚಿಕೊಂಡಿತು.

"ಸೀಟಿಗೆ ಬಿದ್ದಿಲ್ಲ ತಾನೆ ಸಾರ್?" ಎಂದು ಡ್ರೈವರ್ ಕಾಳಜಿಯಿಂದ ವಿಚಾರಿಸಿದ.

ಬಾಗಿಲಲ್ಲೇ ನೆಂಟರು ಅವನ ಕೈಯಿಂದ ತಟ್ಟೆ ಬುಟ್ಟಿಗಳನ್ನು ಕಿತ್ತುಕೊಂಡರು. ಅವನ ಪ್ಯಾಂಟನ್ನು ಹೆಂಡತಿಯೊಬ್ಬಳೇ ನೋಡಿದಳು. "ರೀ, ಇದೇನ್ರಿ ಅವತಾರ? ಹೋಗಿ ತೊಳ್ಕೊಂಡು, ಅಡುಗೆಮನೇಲಿ ಒಲೆ ಹತ್ರ ಒಣಗೋಕೆ ಹಾಕಿ. ಅಪ್ಪ ಬ್ಯಾಗಲ್ಲಿ ತಂದಿರೋ ಪ್ಯಾಂಟ್ ಕೊಡಿಸ್ತೀನಿ."

ಬಚ್ಚಲಲ್ಲಿ ಎಷ್ಟು ತಿಕ್ಕಿದರೂ ಕ್ಯಾರಮೆಲ್ ಬಿಡಲೊಲ್ಲದು. ಹೊರಗೆ, "ಕಟ್ಲೆಟ್ ಬಹಳ ಚೆನ್ನಾಗಿದೆ", "ಇನ್ನೆರಡು ಹಾಕು ಇಲ್ಲಿ" ಎಂಬ ಮಾತುಗಳು ಕೇಳುತ್ತಿದ್ದವು. ಮಾವನ ಪ್ಯಾಂಟನ್ನು ಒಂದು ಕೈಯಲ್ಲಿ ಸೊಂಟಕ್ಕೆ ಹಿಡಿದು, ಇನ್ನೊಂದು ಕೈಯಲ್ಲಿ ತನ್ನ ಒದ್ದೆ ಪ್ಯಾಂಟ್ ಹಿಡಿದು ಅಡುಗೆಮನೆಗೆ ಹೋದರೆ, ದೊಡ್ಡತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಒಳಗೆ ಬರಬೇಡ. ಕೊಡು ಇಲ್ಲಿ, ನಾನೇ ಹಾಕ್ತೀನಿ" ಎಂದು ಎಡಗೈಯಲ್ಲಿ ಪ್ಯಾಂಟ್ ಇಸಿದುಕೊಂಡಳು. ಬಲಗೈ ಶಾಲಿನೊಳಗಿತ್ತು. ಚಳಿಯೇನೋ ಎಂದುಕೊಂಡ.

ಅವನು ಹಾಲಿಗೆ ಬರುವಷ್ಟರಲ್ಲಿ ಸ್ಟಾರ್ಟರ್ ತಟ್ಟೆಗಳಲ್ಲಿ ಪುಡಿ ಕೂಡ ಉಳಿದಿರಲಿಲ್ಲ. ದೊಡ್ಡ ಮೇಜಿನ ಸುತ್ತ ಎಲ್ಲರೂ ಕುರ್ಚಿಗೆ ಒರಗಿ, ಬೆಲ್ಟ್ ಸಡಿಲಿಸಿ, ತೃಪ್ತಿಯಿಂದ ತೇಗುತ್ತಿದ್ದರು. ಚಿಕ್ಕಪ್ಪನ ಕುರ್ಚಿ ಖಾಲಿಯಿತ್ತು: ದೊಡ್ಡತ್ತೆಯಿಂದ ಬಹಳ ದೂರ, ಕಿಟಕಿಯ ಪಕ್ಕ, ಮೆತ್ತನೆಯ ಸೀಟು. ಅಳಿಯ ಅದನ್ನೊಮ್ಮೆ ಕಣ್ತುಂಬ ನೋಡಿ, ಕಿರೀಟ ಹಾಕಿಕೊಂಡು ಸ್ಟೂಲಿನ ಮೇಲೆ ಕೂತ.

ಕೋಳಿ ಬಂತು. ನಾಯಿ ಎಂದಿನಂತೆ ಎದ್ದು ಬಾಗಿಲವರೆಗೆ ಹೋಯಿತು. ಅಲ್ಲಿ ನಿಂತು, ಮೂಗು ಎತ್ತಿ, ಯಾಕೋ ವಾಪಸ್ ಬಂದು ಮೇಜಿನ ಕೆಳಗೆ ಮಲಗಿತು. ಅದನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ನೆಪ ಹುಡುಕುವುದರಲ್ಲಿದ್ದರು.

"ಅಯ್ಯೋ ದೊಡ್ಡತ್ತೆ, ಗಂಟಲವರೆಗೂ ತುಂಬಿದೆ" ಎಂದ ಭಾವ.

"ಉಸಿರಾಡೋಕೆ ಜಾಗ ಇಲ್ಲ" ಎಂದ ಷಡ್ಡಕ.

"ಈ ಅಳಿಯಂದ್ರು ಅಷ್ಟೊಂದು ತಂದುಬಿಟ್ಟರು ನೋಡಕ್ಕ" ಎಂದು ಮಾವ ತಪ್ಪನ್ನು ಸಲೀಸಾಗಿ ಮಕ್ಕಳ ಮೇಜಿಗೆ ದಾಟಿಸಿದರು.

ಬೆಳಗಿನಿಂದ ಏನೂ ತಿನ್ನದ ಅಳಿಯನಿಗೆ ಮಾತ್ರ ಇದ್ದಿಲಾದರೂ ಸರಿ ಎನ್ನುವಂಥ ಹಸಿವು. ಕಣ್ಣು ಮುಚ್ಚಿ ಒಂದು ತುಂಡು ಬಾಯಿಗಿಟ್ಟ. ಕಣ್ಣು ತಾನಾಗಿ ತೆರೆಯಿತು. ಮಾಂಸ ಬೆಣ್ಣೆಯ ಹಾಗೆ ಕರಗುತ್ತಿತ್ತು. ಹದವಾದ ಉಪ್ಪು, ಹದವಾದ ಮೆಣಸು. ಇನ್ನೊಂದು ತುಂಡು ಹಾಕಿಸಿಕೊಂಡ. ಮತ್ತೆ ಹಾಕಿಸಿಕೊಂಡ. ಮೂರನೆಯ ಸಲ ತಟ್ಟೆ ಹಿಡಿದು ತಾನೇ ಎದ್ದು ಹೋದ.

"ನಿಜವಾಗ್ಲೂ ಚೆನ್ನಾಗಿದೆ, ತಿಂದು ನೋಡಿ" ಎಂದು ಷಡ್ಡಕನ ಕಿವಿಯಲ್ಲಿ ಹೇಳಿದ.

"ಗೊತ್ತಾಯ್ತು ಬಿಡಪ್ಪ" ಎಂದ ಷಡ್ಡಕ. "ಒಂದು ಕುರ್ಚಿಗೋಸ್ಕರ ಮನುಷ್ಯ ಇಷ್ಟು ಕೆಳಗಿಳೀಬಾರದು."

ಹೆಂಡತಿಯ ಕಣ್ಣಲ್ಲೂ ಮರುಕವಿತ್ತು. ದೊಡ್ಡತ್ತೆ ಮಾತ್ರ ಅವನ ತಟ್ಟೆಯನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು, "ನೀನು ಒಳಗೆ ಬಾ" ಎಂದಳು.

ಅಡುಗೆಮನೆಯಲ್ಲಿ ಅವನ ಪ್ಯಾಂಟು ಓವನ್ನಿನ ಬಾಗಿಲ ಮೇಲೆ ನೇತಾಡುತ್ತಿತ್ತು. ಮುಟ್ಟಿ ನೋಡಿದ. ಕೊಟ್ಟಾಗ ಎಷ್ಟು ಒದ್ದೆಯಿತ್ತೋ ಅಷ್ಟೇ ಒದ್ದೆ. ಓವನ್ ತಣ್ಣಗಿತ್ತು.

ದೊಡ್ಡತ್ತೆ ಶಾಲು ಸರಿಸಿದಳು. ಬಲ ಮಣಿಕಟ್ಟಿಗೆ ದಪ್ಪ ಬ್ಯಾಂಡೇಜು.

"ಉಳುಕಿದೆ. ಈ ವರ್ಷ ನಾನು ಮಾಡಲಿಲ್ಲ, ಹೋಟ್ಲಿಂದ ತರಿಸಿದೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ನೋಡಿದೆಯಲ್ಲ, ಒಬ್ಬರಾದ್ರೂ ಮುಟ್ಟಿದ್ರಾ?" ಅವಳು ಶಾಲನ್ನು ಮತ್ತೆ ಮಣಿಕಟ್ಟಿನ ಮೇಲೆ ಎಳೆದುಕೊಂಡಳು. "ವಾಸನೆಗೇ ಗೊತ್ತಾಗಿಬಿಟ್ಟಿದೆ ಕಣೋ, ಇದು ನನ್ನ ಕೈದಲ್ಲ ಅಂತ. ನನ್ನ ಮನಸ್ಸು ನೋಯಬಾರದು ಅಂತ ಹೊಟ್ಟೆ ತುಂಬಿದೆ ಅಂದ್ರು, ಪಾಪ. ಇಷ್ಟು ವರ್ಷ ಮಾಡಿ ಹಾಕಿದ್ದಕ್ಕೆ ಇವತ್ತು ಸಾರ್ಥಕ ಆಯ್ತು."

ಅಳಿಯ ಬಾಯಿ ತೆರೆದ. ಆ ಮುಖದ ಮೇಲೆ ಹರಿಯುತ್ತಿದ್ದ ಸಂತೋಷದ ಕಣ್ಣೀರು ಕಂಡಿತು. ಬಾಯಿ ಮುಚ್ಚಿದ.

"ಅದಿರಲಿ" ಎಂದು ದೊಡ್ಡತ್ತೆ ಕಣ್ಣೊರೆಸಿಕೊಂಡು ಅವನನ್ನು ಕನಿಕರದಿಂದ ದಿಟ್ಟಿಸಿದಳು. "ಆ ಹೋಟ್ಲು ಕೋಳೀನ ನೀನೊಬ್ಬ ಮೂರು ಸಲ ಹಾಕಿಸ್ಕೊಂಡು ತಿಂದೆಯಲ್ಲ. ನಿನ್ನ ನಾಲಿಗೆಗೆ ಏನಾಗಿದೆ?"

ಅವನು ಜಾರುತ್ತಿದ್ದ ಪ್ಯಾಂಟನ್ನು ಮೇಲೆಳೆದುಕೊಂಡ.

"ನಿನ್ನ ತಪ್ಪಲ್ಲ ಬಿಡು. ಮಕ್ಕಳ ಜೊತೆ ಕೂರಿಸಿ ಒಂದೊಂದು ಚೂರು ಹಾಕಿದ್ರೆ ರುಚಿ ಹೇಗೆ ತಿಳಿಯಬೇಕು? ತಪ್ಪು ನಮ್ಮದೇ." ಅವಳು ಎಡಗೈಯಿಂದ ಅವನ ತಲೆಯ ಕಿರೀಟ ತೆಗೆದು, ಮಡಿಸಿ ಡಬ್ಬದಲ್ಲಿಟ್ಟಳು. ಅವನ ತೋಳು ಹಿಡಿದು ಹಾಲಿಗೆ ಕರೆತಂದಳು. ಚಿಕ್ಕಪ್ಪನ ಕುರ್ಚಿಯನ್ನು ಕಿಟಕಿಯ ಪಕ್ಕದಿಂದ ಎಳೆಸಿ, ತನ್ನ ಕುರ್ಚಿಗೆ ಅಂಟಿಸಿ ಹಾಕಿಸಿದಳು.

"ಇವತ್ತಿಂದ ಇವನ ಜಾಗ ಇಲ್ಲಿ, ನನ್ನ ಪಕ್ಕ. ಮುಂದಿನ ಸಲ ಕೋಳಿ ನಾನೇ ಮಾಡ್ತೀನಿ. ನಿಮಗೆಲ್ಲ ಬಹಳ ಬೇಜಾರಾಗಿದೆ ಅಂತ ಗೊತ್ತು."

ದೊಡ್ಡ ಮೇಜಿನವರು ಚಪ್ಪಾಳೆ ತಟ್ಟಿದರು. ಷಡ್ಡಕ ಎಲ್ಲರಿಗಿಂತ ಜೋರಾಗಿ ತಟ್ಟಿದ. ಅಳಿಯ ಮಾವನ ಪ್ಯಾಂಟ್ ಹಿಡಿದುಕೊಂಡೇ ಕೂತ. ಸೀಟು ಮೆತ್ತಗಿತ್ತು, ಮೊಣಕಾಲು ಇರಬೇಕಾದ ಜಾಗದಲ್ಲಿತ್ತು. ಮುಂದಿನ ಕ್ರಿಸ್ಮಸ್ಸಿಗೆ ಇನ್ನೂ ಒಂದು ವರ್ಷವಿದೆ ಎಂದು ಅವನು ಸಮಾಧಾನ ಮಾಡಿಕೊಳ್ಳುತ್ತಿರುವಾಗ ದೊಡ್ಡತ್ತೆ ಅವನ ಕಡೆಗೆ ಬಾಗಿದಳು.

"ನನ್ನ ಕೈ ಇನ್ನೊಂದು ವಾರಕ್ಕೆ ಸರಿಹೋಗುತ್ತಂತೆ. ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಬಂದುಬಿಡು, ನಿನಗೋಸ್ಕರ ಒಂದು ಕೋಳಿ ಮಾಡ್ತೀನಿ. ನಿನ್ನ ನಾಲಿಗೆ ದಾರಿಗೆ ಬರೋವರೆಗೂ ಬಿಡಲ್ಲ" ಎಂದು ಅವನ ಬೆನ್ನು ಸವರಿದಳು. "ಸ್ಟಾರ್ಟರ್ ಗೀರ್ಟರ್ ಅಂತ ಏನೂ ತರಬೇಡ. ಹಸ್ಕೊಂಡು ಬಾ."